ಡಿಫಾಲ್ಟರ್ ಅಂತ ಬರೆದವಳು ನಾನೇ

ಆ ವಾರ ನಮ್ಮ ಆಸ್ಪತ್ರೆಯಲ್ಲಿ ಟಿಬಿ ಮಾತ್ರೆ ಕೊಡುವ ಕೌಂಟರ್ ನನ್ನ ಪಾಲಿಗೆ ಬಂದಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ರಜೆ ಹಾಕಿದ್ದರು. ಮಾತ್ರೆ ಒಯ್ಯಲು ಬಾರದವರ ಕಾರ್ಡುಗಳನ್ನೆಲ್ಲ ಒಂದು ಕಡೆ ತೆಗೆದಿಟ್ಟೆ. ಅದರಲ್ಲಿ ಒಂದರ ಮೇಲೆ ಕೆಂಪು ಪೆನ್ನಿನಲ್ಲಿ ‘ಡಿಫಾಲ್ಟರ್’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದೆ. ಆಮೇಲೆ ಟೀ ಕುಡಿಯೋಕೆ ಹೋದೆ. ಇದು 2023ರ ಡಿಸೆಂಬರ್.

ಎರಡೂವರೆ ತಿಂಗಳಾದ ಮೇಲೆ ಆ ಕಾರ್ಡಿನ ಆಯಮ್ಮ ಬಸ್ಸಿನಲ್ಲಿ ಸಿಕ್ಕಿದರು. ನನಗೆ ಗುರುತು ಸಿಗಲಿಲ್ಲ. ಅವರೇ ಪಕ್ಕದ ಸೀಟಿಗೆ ಬಂದು ಕೂತು, "ಸಿಸ್ಟರಮ್ಮ, ನಾನು ಮಾತ್ರೆ ಬಿಟ್ಟೆ ಅಂತ ಸಿಟ್ಟಾ?" ಅಂದರು. ನನಗೆ ಸಿಟ್ಟು ಬರಬೇಕಾದರೆ ಮೊದಲು ಅವರು ನೆನಪಿರಬೇಕಿತ್ತಲ್ಲ.

"ಕಾಫಿ ಕುಯ್ಯೋಕೆ ಹೋಗಿದ್ವಿ, ಮೂಡಿಗೆರೆ ಕಡೆ. ಮೇಸ್ತ್ರಿ ಹತ್ರ ಮೊದ್ಲೇ ದುಡ್ಡು ಇಸ್ಕೊಂಡಿದ್ವಿ. ಹೋಗ್ದೆ ಇರೋಕಾಗಲ್ಲ. ಇದ್ದಷ್ಟು ಮಾತ್ರೆ ತಿಂದೆ. ಆಮೇಲೆ ಯಾರ್ನ ಕೇಳೋದು? ಟಿಬಿ ಅಂತ ಗೊತ್ತಾದ್ರೆ ಲೈನ್ ಮನೇಲಿ ಇಟ್ಕೊಳ್ತಾರಾ?"

ಬಯಲುಸೀಮೆಯ ನಮ್ಮ ಕಡೆಯಿಂದ ಚಳಿಗಾಲ ಬಂತೆಂದರೆ ಊರೂರೇ ಕಾಫಿ ತೋಟಕ್ಕೆ ಹೊರಡುತ್ತದೆ. ಅದು ನನಗೂ ಗೊತ್ತಿತ್ತು. ಟಿಬಿ ಮಾತ್ರೆ ಆರು ತಿಂಗಳು ದಿನಾ ನುಂಗಬೇಕು, ಎರಡನೇ ತಿಂಗಳಿಗೇ ಕೆಮ್ಮು ನಿಂತು ‘ವಾಸಿ ಆಯ್ತು’ ಅನಿಸುತ್ತದೆ, ಅದೂ ಗೊತ್ತಿತ್ತು. ಟಿಬಿ ರೋಗಿಗಳಿಗೆ ಸರ್ಕಾರ ಕೊಡುವ ನಿಕ್ಷಯ್ ಐಡಿ ಇದ್ದರೆ ಮಲೆನಾಡಿನ ಯಾವ ಸರ್ಕಾರಿ ಆಸ್ಪತ್ರೆಯಲ್ಲಾದರೂ ಮಾತ್ರೆ ಮುಂದುವರಿಸಬಹುದು ಅನ್ನೋದು ಇನ್ನೂ ಚೆನ್ನಾಗಿ ಗೊತ್ತಿತ್ತು. ಮೂರನ್ನೂ ಜೋಡಿಸಿ ಆಯಮ್ಮನಿಗೆ ಒಂದು ಮಾತು ಹೇಳಲಿಲ್ಲ, ಅಷ್ಟೇ. ಡಿಫಾಲ್ಟರ್ ಅನ್ನೋ ಪದವನ್ನೇ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಕೈಬಿಟ್ಟಿದೆ ಎಂದು ನಾನು ಓದಿಕೊಂಡಿದ್ದು ಇನ್ನೂ ಆಮೇಲೆ. ರೋಗಿಯನ್ನು ಸಾಲ ತೀರಿಸದವರ ಹಾಗೆ ಕರೆಯೋದು ಸರಿಯಲ್ಲ ಅಂತ. ನಮ್ಮ ಬಾಯಲ್ಲಿ ಅದು ಇವತ್ತಿಗೂ ಇದೆ.

ಆಯಮ್ಮ ಮತ್ತೆ ಮೊದಲಿಂದ ಮಾತ್ರೆ ಶುರು ಮಾಡಿದರು. ನಾನು ಎಂ‌ಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಬಗ್ಗೆ ವಿಚಾರಿಸೋಕೆ ಶುರು ಮಾಡಿದ್ದೂ ಅದೇ ತಿಂಗಳು.

ನನ್ನ ಹಿನ್ನೆಲೆ ಹೇಳಿಬಿಡ್ತೀನಿ. ಬಿಎಸ್ಸಿ ನರ್ಸಿಂಗ್ ಮುಗಿಸಿ ಒಂಬತ್ತು ವರ್ಷ. ಮೊದಲ ಮೂರು ವರ್ಷ ಖಾಸಗಿ ಆಸ್ಪತ್ರೆ, ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಗುತ್ತಿಗೆ. ವಯಸ್ಸು ಮೂವತ್ಮೂರು. ಎರಡನೇ ಕ್ಲಾಸಿನ ಮಗಳು, ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟಿರುವ ಗಂಡ, ಮಂಡಿನೋವಿನ ಅತ್ತೆ. ಕೈಗೆ ಬರುತ್ತಿದ್ದ ಸಂಬಳ 17 ಸಾವಿರ ಚಿಲ್ಲರೆ.

ಸ್ಟಾಫ್‌ರೂಮಿನಲ್ಲಿ ವಿಷಯ ಹೇಳಿದಾಗ ಎಲ್ಲರೂ ಒಂದೇ ಮಾತು. "ಎಂಎಸ್ಸಿ ನರ್ಸಿಂಗ್ ಮಾಡೇ, ಕಾಲೇಜಲ್ಲಿ ಪಾಠ ಮಾಡ್ಕೊಂಡು ಇರಬಹುದು. ಸಮಾಜ ಸೇವೆ ಮಾಡೋಕೆ ಡಿಗ್ರಿ ಯಾಕೆ?" ಅತ್ತೆ ಬೇರೆ ಥರ ಹೇಳಿದರು: "ಇಷ್ಟು ದಿನ ರೋಗಿ ನೋಡಿದ್ದು ಸಾಲ್ದು ಅಂತ ಈಗ ಊರನ್ನೇ ನೋಡ್ತೀಯೇನು?"

ಸಮಾಜ ಸೇವೆ ಬೇರೆ, ಓದಿ ಕಲಿತು ಮಾಡುವ ವೃತ್ತಿಯಾದ ಸಮಾಜಕಾರ್ಯ ಬೇರೆ ಎಂದು ನಾನು ಆ ವರ್ಷ ಎಷ್ಟು ಜನಕ್ಕೆ ಬಿಡಿಸಿ ಹೇಳಿದ್ದೇನೋ ಲೆಕ್ಕ ಇಲ್ಲ. ತಪ್ಪು ಅವರದೂ ಅಲ್ಲ. ನಮ್ಮೂರ ಸರ್ಕಲ್ಲಿನ ಫ್ಲೆಕ್ಸ್‌ಗಳಲ್ಲಿ ಕೈಮುಗಿದು ನಿಂತವರೆಲ್ಲ ‘ಖ್ಯಾತ ಸಮಾಜ ಸೇವಕರು’. ಅದು ಸಾಲದು ಅಂತ ಕೆಲವರು ‘ಯುವ’ ಸಮಾಜ ಸೇವಕರು. ಆ ಸಾಲಿಗೆ ಸೇರೋಕೆ ಎರಡು ವರ್ಷ, ನಾಲ್ಕು ಸೆಮಿಸ್ಟರ್ ಓದ್ತೀನಿ ಅಂದರೆ ಯಾರಿಗಾದರೂ ನಗು ಬರುತ್ತೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ ಎಚ್.ಎಂ. ಮರುಳಸಿದ್ಧಯ್ಯನವರಂಥವರು ಸಮಾಜಕಾರ್ಯದ ಬಗ್ಗೆ ಕನ್ನಡದಲ್ಲೇ ಬರೆದಿದ್ದಾರೆ. ಆದರೆ ಫ್ಲೆಕ್ಸ್ ಅಕ್ಷರ ದಪ್ಪ, ಪುಸ್ತಕದ ಅಕ್ಷರ ಸಣ್ಣ.

ಓದೋಕೆ ಮುಂಚೆ ಕಾಗದ ಪತ್ರ ಜೋಡಿಸಬೇಕಾಯಿತು. ಎಂ‌ಎಸ್‌ಡಬ್ಲ್ಯುಗೆ ಯಾವ ಪದವಿ ಆದರೂ ನಡೆಯುತ್ತದೆ ಅನ್ನೋದು ನನಗೆ ದೊಡ್ಡ ಸಮಾಧಾನ. ಆದರೆ ಪದವಿಯೇ ಆಗಬೇಕು. ನನ್ನ ಜೊತೆ ಕೆಲಸ ಮಾಡುವ ಇನ್ನೊಬ್ಬಳಿಗೂ ಆಸೆ ಇತ್ತು. ಅವಳದು ಜಿಎನ್‌ಎಂ, ಅಂದರೆ ಡಿಪ್ಲೊಮಾ. ನನಗಿಂತ ಒಳ್ಳೆ ನರ್ಸ್ ಅವಳು, ಅನುಭವವೂ ಜಾಸ್ತಿ. ಮೊದಲು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿ, ಆಮೇಲೆ ಎರಡು ವರ್ಷ ಎಂ‌ಎಸ್‌ಡಬ್ಲ್ಯು ಅಂದಾಗ ಬೆರಳಲ್ಲಿ ಲೆಕ್ಕ ಹಾಕಿ ಸುಮ್ಮನಾದಳು.

ನನ್ನ ಡಿಗ್ರಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಬೇರೆ ವಿಶ್ವವಿದ್ಯಾಲಯಕ್ಕೆ ಸೇರಬೇಕಾದರೆ ಮೈಗ್ರೇಷನ್ ಸರ್ಟಿಫಿಕೇಟ್ ಬೇಕು. ಅದಕ್ಕಿಂತ ದೊಡ್ಡ ತಲೆನೋವು ಎಂದರೆ ನನ್ನ ಒರಿಜಿನಲ್ ಅಂಕಪಟ್ಟಿಗಳು. ಮೊದಲು ಕೆಲಸ ಮಾಡಿದ ಖಾಸಗಿ ಆಸ್ಪತ್ರೆಯವರು ಬಾಂಡ್ ಹೆಸರಲ್ಲಿ ಇಟ್ಟುಕೊಂಡಿದ್ದರು. ಕೆಲಸ ಬಿಡುವಾಗ ಎಲ್ಲ ವಾಪಸ್ ಕೊಟ್ಟಿದ್ದಾರೆ ಅಂದುಕೊಂಡಿದ್ದೆ. ಕವರ್ ತೆಗೆದು ನೋಡಿದರೆ ಮೂರನೇ ವರ್ಷದ್ದು ಕಲರ್ ಜೆರಾಕ್ಸ್. ಅದಕ್ಕಾಗಿ ನಾಲ್ಕು ಸಲ ಓಡಾಡಿದೆ. ನಾಲ್ಕನೇ ಸಲ ಅಲ್ಲಿನ ಆಯಾ ಒಬ್ಬರು ಬೀರುವಿನ ಮೇಲಿಂದ ಧೂಳು ಕೊಡವಿ ತೆಗೆದುಕೊಟ್ಟರು. ಎಚ್‌ಆರ್‌ನವರಿಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿತ್ತು. ನೀವು ನರ್ಸ್ ಆಗಿದ್ದು ಬೇರೆ ಕಡೆ ಹೋಗುವ ಯೋಚನೆ ಇದ್ದರೆ, ಮೊದಲು ನಿಮ್ಮ ಕವರ್ ಬಿಚ್ಚಿ ನೋಡಿ.

ಎಲ್ಲಿ ಓದೋದು ಅನ್ನೋದು ಇನ್ನೊಂದು ಪ್ರಶ್ನೆ. ಮಂಗಳೂರಿನ ರೋಶನಿ ನಿಲಯ 1960ರಿಂದ ಇದೆ. ರಾಜ್ಯದಲ್ಲಿ ಸಮಾಜಕಾರ್ಯ ಅಂದರೆ ಮೊದಲು ಬರುವ ಹೆಸರುಗಳಲ್ಲಿ ಅದೊಂದು. ಮುಂಬೈಯ ಟಾಟಾ ಸಂಸ್ಥೆ ದೇಶಕ್ಕೇ ಮೊದಲನೆಯದು, 1936ರದ್ದು. ಎರಡೂ ಊರು ಮಗಳನ್ನು ಬಿಟ್ಟು ಹೋಗಬೇಕಾದಷ್ಟು ದೂರ. ಇಗ್ನೊದಲ್ಲಿ ದೂರಶಿಕ್ಷಣದಲ್ಲಿ ಮಾಡಬಹುದಿತ್ತು. ಗೆಳತಿಯೊಬ್ಬಳು ಕೆಲಸ ಮಾಡಿಕೊಂಡೇ ಅದರಲ್ಲಿ ಮುಗಿಸಿದ್ದಾಳೆ, ಚೆನ್ನಾಗಿಯೇ ಇದ್ದಾಳೆ. ಆದರೆ ನನ್ನ ಸಮಸ್ಯೆ ನನಗೆ ಗೊತ್ತಿತ್ತು. ಪುಸ್ತಕ ನಾನೇ ಓದಿಕೊಂಡೇನು. ವಾರಕ್ಕೆ ಎರಡು ದಿನ ಫೀಲ್ಡ್‌ವರ್ಕ್‌ಗೆ ಹೋಗಿ, ಬರೆದು ತಂದಿದ್ದನ್ನು ಎದುರು ಕೂತು ಯಾರಾದರೂ ತಿದ್ದಬೇಕಿತ್ತು. ಅದಿಲ್ಲದಿದ್ದರೆ ನಾನು ಇನ್ನೊಂದು ಸರ್ಟಿಫಿಕೇಟ್ ಇರುವ ಅದೇ ನರ್ಸ್ ಆಗಿರುತ್ತಿದ್ದೆ.

ಹಾಗಂತ ಗೊತ್ತಾಗಿದ್ದು ಒಬ್ಬ ಅಕ್ಕನಿಂದ. ನಮ್ಮ ಪಕ್ಕದ ಊರಿನಲ್ಲಿ ವೃದ್ಧರು ಮತ್ತು ಒಂಟಿ ಹೆಂಗಸರ ಜೊತೆ ಕೆಲಸ ಮಾಡುವ ಸಣ್ಣ ಸಂಸ್ಥೆಯೊಂದಿದೆ. ಅಕ್ಕ ಅಲ್ಲಿಯವರು. ಎಂ‌ಎಸ್‌ಡಬ್ಲ್ಯು ಮಾಡಿ ಇಪ್ಪತ್ತು ವರ್ಷದ ಮೇಲಾಗಿದೆ. ನನ್ನ ವಾರದ ರಜೆ ದಿನ ಅವರ ಜೊತೆ ಮನೆ ಭೇಟಿಗೆ ಬರ್ತೀನಿ ಅಂದೆ. "ಬಾ, ಸಂಬಳ ಇಲ್ಲ, ಮಧ್ಯಾಹ್ನದ ಊಟ ಇದೆ" ಅಂದರು.

ಮೊದಲ ದಿನ ನಾನು ಬಿಪಿ ಮಷಿನ್ ತೆಗೆದುಕೊಂಡು ಹೋಗಿದ್ದೆ. ಓಣಿಗೆ ಕಾಲಿಟ್ಟರೆ ಸಾಕು, ‘ಆಸ್ಪತ್ರೆ ಸಿಸ್ಟರ್ ಬಂದವ್ರೆ’ ಅಂತ ಸುದ್ದಿ. ಒಬ್ಬರಾದ ಮೇಲೆ ಒಬ್ಬರು ಸೆರಗು ಸರಿಸಿ ತೋಳು ಚಾಚಿದರು. ಹನ್ನೊಂದು ಜನಕ್ಕೆ ಬಿಪಿ ನೋಡಿದೆ. ಮೂವರಿಗೆ ಉಪ್ಪು ಕಡಿಮೆ ಮಾಡಿ ಅಂದೆ. ಎಲ್ಲರೂ ಖುಷಿ, ನಾನೂ ಖುಷಿ. ಅಕ್ಕ ಕಟ್ಟೆ ಮೇಲೆ ಕೂತು ನೋಡುತ್ತಿದ್ದರು.

ವಾಪಸ್ ಬರುವಾಗ ಕೇಳಿದರು. "ಆ ಕೊನೇ ಮನೆ ಅಜ್ಜಿ ಏನಂದ್ರು?"

"ನೂರಾ ಐವತ್ತು, ತೊಂಬತ್ತು ಇತ್ತು ಅಕ್ಕ."

"ಅದು ಮಷಿನ್ ಹೇಳಿದ್ದು. ಅಜ್ಜಿ ಏನಂದ್ರು?"

ಅಜ್ಜಿ ಏನೋ ಹೇಳಿದ್ದರು. ನಾನು ಕಿವಿಗೆ ಸ್ಟೆತ್ ಹಾಕಿಕೊಂಡಿದ್ದೆ.

ಮುಂದಿನ ವಾರದಿಂದ ಮಷಿನ್ ಮನೆಯಲ್ಲೇ ಇರಲಿ ಅಂದರು. ಕೈ ಖಾಲಿ ಇಟ್ಟುಕೊಂಡು ಒಬ್ಬರ ಮನೆಗೆ ಹೋಗೋದು ಎಷ್ಟು ಕಷ್ಟ ಅಂತ ನರ್ಸ್‌ಗಳಿಗೆ ಮಾತ್ರ ಗೊತ್ತಾಗುತ್ತೆ. ನಮ್ಮ ಕೈಲಿ ಯಾವಾಗಲೂ ಏನಾದರೂ ಇರುತ್ತೆ: ಟ್ರೇ, ಸಿರಿಂಜ್, ಕೇಸ್ ಶೀಟ್. ಕೈಲಿರೋದನ್ನು ನೋಡುತ್ತಾ ಮಾತಾಡ್ತೀವಿ. ಆಯಮ್ಮನ ಮುಖ ನನಗೆ ನೆನಪಿಲ್ಲದೆ ಕಾರ್ಡು ನೆನಪಿದ್ದದ್ದು ಸುಮ್ನೆ ಅಲ್ಲ.

ಆದರೆ ಅಕ್ಕ ನಿಜವಾಗಿ ಕೂರಿಸಿ ತಿದ್ದಿದ್ದು ನನ್ನ ಬರವಣಿಗೆಯನ್ನು. ಎರಡನೇ ಭೇಟಿಯ ವರದಿ ಬರೆದು ಕೊಟ್ಟಿದ್ದೆ. ಆ ಹಾಳೆ ಇನ್ನೂ ಇಟ್ಟುಕೊಂಡಿದ್ದೇನೆ. ಹೀಗಿದೆ:

‘62 ವರ್ಷ, ಹೆಣ್ಣು, ಸಕ್ಕರೆ ಕಾಯಿಲೆ ಇದೆ. ಮನೆಯಲ್ಲಿ ಸ್ವಚ್ಛತೆ ಕಡಿಮೆ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ. ಮಗ ನೋಡಿಕೊಳ್ಳುತ್ತಿಲ್ಲ. ಆಹಾರದ ಬಗ್ಗೆ ತಿಳಿವಳಿಕೆ ನೀಡಲಾಯಿತು.’

ನನಗೆ ಇದು ಚೊಕ್ಕವಾದ ವರದಿ. ಡ್ಯೂಟಿಯಲ್ಲಿ ಬರೆದಿದ್ದರೆ ಇನ್‌ಚಾರ್ಜ್ ಸಿಸ್ಟರ್ ಮೆಚ್ಚುತ್ತಿದ್ದರು. ಅಕ್ಕ ಪೆನ್ಸಿಲ್‌ನಲ್ಲಿ ಒಂದೊಂದು ಸಾಲಿನ ಪಕ್ಕ ಬರೆದರು. ‘ಸ್ವಚ್ಛತೆ ಕಡಿಮೆ’ ಪಕ್ಕ: ಏನು ಕಂಡೆ? ‘ಮಗ ನೋಡಿಕೊಳ್ಳುತ್ತಿಲ್ಲ’ ಪಕ್ಕ: ಯಾರು ಹೇಳಿದ್ದು? ನೀನಾ, ಅಜ್ಜಿಯಾ, ಪಕ್ಕದ ಮನೆಯವರಾ? ‘ನೀಡಲಾಯಿತು’ ಸುತ್ತ ಒಂದು ಸುತ್ತು ಹಾಕಿ: ಯಾರು ನೀಡಿದ್ದು? ಕೇಳಿಸಿಕೊಂಡವರು ಏನಂದರು?

‘ಲಾಯಿತು’ ಅನ್ನೋದು ನಮ್ಮ ಆಫೀಸುಗಳ ಕನ್ನಡ. ತಿಳಿಸಲಾಯಿತು, ಸೂಚಿಸಲಾಯಿತು, ಮನವರಿಕೆ ಮಾಡಲಾಯಿತು. ಯಾರೋ ಮಾಡಿದ್ದು ತಾನಾಗಿ ಆಗಿಹೋದ ಹಾಗೆ. ಅದರಲ್ಲಿ ಮಾಡಿದವರೂ ಇಲ್ಲ, ಮಾಡಿಸಿಕೊಂಡವರೂ ಇಲ್ಲ. "ಸಮಾಜಕಾರ್ಯಕ್ಕೆ ಬರೋದಾದ್ರೆ ಮೊದಲು ಈ ಲಾಯಿತು ಬಿಡು" ಅಂದರು ಅಕ್ಕ. "ನಾನು ಹೇಳಿದೆ ಅಂತ ಬರಿ. ತಪ್ಪಾಗಿ ಹೇಳಿದ್ರೆ ಅದೂ ನಿಂದೇ."

ಮತ್ತೆ ಹೋದೆ. ಈ ಸಲ ಬರೆದಿದ್ದು ಒಂದೂವರೆ ಪುಟ. ಬಾಗಿಲಲ್ಲಿ ನಿಂತೆ, ಅಜ್ಜಿ ಒಳಗೆ ಬಾ ಅನ್ನಲಿಲ್ಲ, ಹೊಸ್ತಿಲ ಹೊರಗೇ ಮಣೆ ಹಾಕಿದರು. ಮಾತ್ರೆ ಡಬ್ಬಿ ದೇವರ ಗೂಡಿನಲ್ಲಿ ಕುಂಕುಮದ ಬಟ್ಟಲ ಪಕ್ಕ ಇತ್ತು. ಮಗನ ವಿಷಯ ಕೇಳಿದೆ. ಬೆಂಗಳೂರಲ್ಲಿದ್ದಾನೆ, ತಿಂಗಳಿಗೆ ದುಡ್ಡು ಹಾಕ್ತಾನೆ ಅಂದರು. ಹಾಕಿದ ದುಡ್ಡು ತೆಗೆಯುವ ಕಾರ್ಡು ದೊಡ್ಡ ಸೊಸೆ ಹತ್ತಿರ ಇದೆ. ಅವಳನ್ನು ಕೇಳೋದಕ್ಕಿಂತ ಮಾತ್ರೆ ಅರ್ಧ ಮಾಡಿ ನುಂಗೋದು ವಾಸಿ ಅಂದರು. ಆಗ ನಾನು ಏನೂ ಹೇಳಲಿಲ್ಲ. ಏನು ಹೇಳಬೇಕೋ ಗೊತ್ತಾಗಲಿಲ್ಲ. ಅದನ್ನೂ ಬರೆದೆ.

ಅಕ್ಕ ಓದಿ ಮಡಚಿಟ್ಟರು. ಹೊಗಳಲಿಲ್ಲ. "ವೃದ್ಧಾಪ್ಯ ವೇತನ ಬರ್ತಿದೆಯಾ ಕೇಳಿದ್ಯಾ?" ಅಂದರು. ಕೇಳಿರಲಿಲ್ಲ.

ಇಷ್ಟರ ಮಧ್ಯೆ ಪರೀಕ್ಷೆಗೆ ಓದು. ನೈಟ್ ಡ್ಯೂಟಿಯಲ್ಲಿ ಎರಡರಿಂದ ನಾಲ್ಕು ಗಂಟೆ ನನ್ನ ಓದುವ ಸಮಯ. ವಾರ್ಡ್ ಶಾಂತವಾಗಿದ್ದರೆ ಮಾತ್ರ. ಎರಡು ಕಡೆ ಅರ್ಜಿ ಹಾಕುವುದು ಅಂತ ತೀರ್ಮಾನ. ಒಂದು, ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ, ಸಿಯುಇಟಿ. ಇನ್ನೊಂದು, ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದ, ಸಂದರ್ಶನ ಮಾಡಿ ಸೇರಿಸಿಕೊಳ್ಳುವ ಒಂದು ಕಾಲೇಜು.

ಸಿಯುಇಟಿಯ ಪದವಿ ಮಟ್ಟದ ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು. ಸ್ನಾತಕೋತ್ತರದ್ದು ಹಾಗಲ್ಲ, ಭಾಷಾ ವಿಷಯಗಳನ್ನು ಬಿಟ್ಟರೆ ಇಂಗ್ಲಿಷ್, ಹಿಂದಿ ಮಾತ್ರ. ನರ್ಸಿಂಗ್ ಇಂಗ್ಲಿಷಿನಲ್ಲೇ ಓದಿದ್ದರಿಂದ ನನಗೇನು ಕಷ್ಟ ಅಂದುಕೊಂಡೆ. ತಮಾಷೆ ಎಂದರೆ ಗೊತ್ತಿರುವ ಪದಗಳೇ ಕೈಕೊಟ್ಟವು. ಇಂಟರ್‌ವೆನ್ಷನ್ ಅಂದರೆ ನಮಗೆ ಸ್ಟೆಂಟ್ ಹಾಕೋದು. ಇಲ್ಲಿ ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಿ ಮಾತಾಡಿಸೋದೂ ಇಂಟರ್‌ವೆನ್ಷನ್. ಡಯಾಗ್ನೋಸಿಸ್ ಅಂದರೆ ಡಾಕ್ಟರ್ ಬರೆಯೋದು ಅಂದುಕೊಂಡಿದ್ದೆ. ಅಮೆರಿಕದ ಮೇರಿ ರಿಚ್‌ಮಂಡ್ 1917ರಲ್ಲೇ ಆ ಪದವನ್ನು ಡಾಕ್ಟರುಗಳಿಂದ ತೆಗೆದುಕೊಂಡು ಕುಟುಂಬದ ಕಷ್ಟಕ್ಕೆ ಬಳಸಿ ಒಂದು ದಪ್ಪ ಪುಸ್ತಕ ಬರೆದಿದ್ದಾರೆ. ಕನ್ನಡದ ಪಠ್ಯಗಳಲ್ಲಿ ಇನ್ನೊಂದು ಕಥೆ. ಕೇಸ್‌ವರ್ಕ್‌ಗೆ ವ್ಯಕ್ತಿಗತ ಸಮಾಜಕಾರ್ಯ, ಗ್ರೂಪ್‌ವರ್ಕ್‌ಗೆ ವೃಂದಗತ ಸಮಾಜಕಾರ್ಯ, ಎಂಪಥಿಗೆ ಪರಾನುಭೂತಿ. ಪರಾನುಭೂತಿ ಅನ್ನೋ ಪದ ಓದಿದರೆ ಯಾರ ಮೇಲೂ ಅದು ಹುಟ್ಟೋದು ಕಷ್ಟ. ನಾನು ನೋಟ್ಸಿನಲ್ಲಿ ‘ಅವರ ಜಾಗದಲ್ಲಿ ನಿಂತು ನೋಡೋದು’ ಅಂತ ಬರೆದುಕೊಂಡೆ.

ಫೆಲಿಕ್ಸ್ ಬೀಸ್ಟೆಕ್ ಎಂಬ ಪಾದ್ರಿ 1957ರಲ್ಲಿ ಕೇಸ್‌ವರ್ಕಿನ ಏಳು ತತ್ವ ಹೇಳಿದ್ದಾರೆ. ಪರೀಕ್ಷೆಗೆ ಬಾಯಿಪಾಠ ಮಾಡಲೇಬೇಕು. ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ನೋಡುವುದು, ಇದ್ದ ಹಾಗೆ ಒಪ್ಪಿಕೊಳ್ಳುವುದು, ತೀರ್ಪು ಕೊಡದಿರುವುದು, ಗುಟ್ಟು ಕಾಯುವುದು, ಹೀಗೆ. ಗುಟ್ಟು ಕಾಯೋದು ನಮಗೆ ಹೊಸದಲ್ಲ. ಮನಸ್ಸಿಗೆ ಅಂಟಿಕೊಂಡಿದ್ದು ಸೆಲ್ಫ್ ಡಿಟರ್ಮಿನೇಷನ್, ಅಂದರೆ ತನ್ನ ನಿರ್ಧಾರ ತಾನೇ ತೆಗೆದುಕೊಳ್ಳುವ ಹಕ್ಕು. ರೋಗಿ ತನ್ನ ನಿರ್ಧಾರ ತಾನೇ ತೆಗೆದುಕೊಂಡರೆ ಆಸ್ಪತ್ರೆಯಲ್ಲಿ ಅದಕ್ಕೊಂದು ಹೆಸರಿದೆ: ಡಾಮಾ. ವೈದ್ಯರ ಸಲಹೆ ಮೀರಿ ಡಿಸ್ಚಾರ್ಜ್. ಒಂದು ಫಾರಂ ಇರುತ್ತೆ, ‘ಮುಂದೆ ಏನಾದರೂ ಆದರೆ ನಾವೇ ಹೊಣೆ’ ಅಂತ ಸಹಿ ಹಾಕಿಸಿಕೊಳ್ತೀವಿ. ಸಹಿ ಬರದಿದ್ದರೆ ಹೆಬ್ಬೆಟ್ಟು. ಒಂಬತ್ತು ವರ್ಷದಲ್ಲಿ ಎಷ್ಟೋ ಹೆಬ್ಬೆಟ್ಟು ಒತ್ತಿಸಿದ್ದೇನೆ. ಯಾಕೆ ಹೋಗ್ತಿದೀರಿ ಅಂತ ಬರೆಯೋಕೆ ಆ ಫಾರಂನಲ್ಲಿ ಜಾಗವೇ ಇಲ್ಲ ಅಂತ ಆ ರಾತ್ರಿ ಮೊದಲ ಸಲ ತೆಗೆದು ನೋಡಿದೆ.

ಇತಿಹಾಸದ ಭಾಗ ಮಾತ್ರ ಕಥೆಯ ಹಾಗೆ ಓದಿಸಿಕೊಂಡು ಹೋಯಿತು. 1601ರ ಇಂಗ್ಲೆಂಡಿನ ಬಡವರ ಕಾನೂನು, 1884ರ ಲಂಡನ್ನಿನ ಟಾಯ್ನ್‌ಬೀ ಹಾಲ್, 1889ರಲ್ಲಿ ಷಿಕಾಗೊದಲ್ಲಿ ಜೇನ್ ಆಡಮ್ಸ್ ಶುರು ಮಾಡಿದ ಹಲ್ ಹೌಸ್. ಕೊನೆಯ ಎರಡೂ, ಓದಿದವರು ಬಡವರ ಕೇರಿಯಲ್ಲೇ ಹೋಗಿ ನೆಲೆಸಿ ಕೆಲಸ ಮಾಡಿದ ಮನೆಗಳು. ಓದುತ್ತಾ ಹೋದರೆ ನಡುವೆ ನಮ್ಮವರೇ ಸಿಕ್ಕಿಬಿಟ್ಟರು. ನ್ಯೂಯಾರ್ಕಿನ ಬಡವರ ಕೇರಿಯಲ್ಲಿ 1893ರಲ್ಲಿ ಅಂಥದ್ದೇ ಹೆನ್ರಿ ಸ್ಟ್ರೀಟ್ ಸೆಟ್ಲ್‌ಮೆಂಟ್‌ಗೆ ನಾಂದಿ ಹಾಡಿದ ಲಿಲಿಯನ್ ವಾಲ್ಡ್ ಒಬ್ಬ ನರ್ಸ್. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಹಾಸ್ಪಿಟಲ್‌ನಲ್ಲಿ ರಿಚರ್ಡ್ ಕ್ಯಾಬಟ್ ಅನ್ನೋ ಡಾಕ್ಟರಿಗೆ, ರೋಗಿಯ ಮನೆ ಪರಿಸ್ಥಿತಿ ಗೊತ್ತಿಲ್ಲದೆ ಔಷಧ ಬರೆದು ಉಪಯೋಗವಿಲ್ಲ ಅನಿಸಿತು. 1905ರಲ್ಲಿ ಅವರು ಈ ಕೆಲಸಕ್ಕೆಂದೇ ಒಬ್ಬರನ್ನು ನೇಮಿಸಿದರು. ಗಾರ್ನೆಟ್ ಪೆಲ್ಟನ್. ಅವರೂ ನರ್ಸ್. ಕೆಲವೇ ತಿಂಗಳಲ್ಲಿ ಅವರಿಗೇ ಟಿಬಿ ಬಂದು ಕೆಲಸ ಬಿಡಬೇಕಾಯಿತು. ಆ ಜಾಗಕ್ಕೆ ಬಂದ ಐಡಾ ಕ್ಯಾನನ್ ಕೂಡ ನರ್ಸ್. ಜೇನ್ ಆಡಮ್ಸ್ ಭಾಷಣ ಕೇಳಿ ದಾರಿ ಬದಲಿಸಿದವರು, ಸಮಾಜಕಾರ್ಯದ ಶಾಲೆಗೆ ಸೇರಿ ಓದಿದವರು.

ಬೆಳಗಿನ ಜಾವ ಮೂರೂವರೆಗೆ, ಎದುರಿಗೆ ಸಲೈನ್ ಹನಿ ಬೀಳುತ್ತಿರುವಾಗ ಇದನ್ನು ಓದಿ ಎದ್ದು ನಿಂತಿದ್ದೆ. ಸ್ಟಾಫ್‌ರೂಮಿನಲ್ಲಿ ಹೇಳಿದಾಗ ಯಾರಿಗೂ ಅಷ್ಟೇನೂ ರೋಮಾಂಚನ ಆಗಲಿಲ್ಲ. ನಮ್ಮ ದೇಶದಲ್ಲಿ ಆಸ್ಪತ್ರೆಗೆ ಸಮಾಜಕಾರ್ಯಕರ್ತರು ಬಂದಿದ್ದು 1946ರಲ್ಲಿ, ಮುಂಬೈಯ ಜೆ.ಜೆ. ಆಸ್ಪತ್ರೆಗೆ. ನಾನು ಕೆಲಸ ಮಾಡುತ್ತಿದ್ದ ಕಡೆಗೆ ಇನ್ನೂ ಬಂದಿರಲಿಲ್ಲ.

2025ರ ಮಾರ್ಚಿನಲ್ಲಿ ಪರೀಕ್ಷೆ. 75 ಪ್ರಶ್ನೆ, 90 ನಿಮಿಷ, 300 ಅಂಕ, ತಪ್ಪಿಗೆ ಒಂದು ಅಂಕ ಕಟ್. ಹುಬ್ಬಳ್ಳಿಗೆ ಹಿಂದಿನ ರಾತ್ರಿಯೇ ಹೋದೆ. ಸುತ್ತ ಇಪ್ಪತ್ತೊಂದು, ಇಪ್ಪತ್ತೆರಡು ವರ್ಷದ ಹುಡುಗ ಹುಡುಗಿಯರು. ಒಬ್ಬಳು ನನ್ನನ್ನು "ಮೇಡಂ, ಬ್ಯಾಗ್ ಎಲ್ಲಿಡೋದು?" ಅಂತ ಕೇಳಿದಳು. ನಾನೂ ಬರೆಯೋಕೆ ಬಂದವಳು ಅಂದಾಗ ಪಾಪ ನಾಲಿಗೆ ಕಚ್ಚಿಕೊಂಡಳು. ಅಂಕ ಪರವಾಗಿಲ್ಲ ಅನ್ನುವಷ್ಟು ಬಂತು. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯದ ಬಗ್ಗೆ ಮನೆಯಲ್ಲಿ ಒಂದು ವಾರ ಮಾತಾಯಿತು. ಮಗಳು ಒಂದು ರಾತ್ರಿ "ನೀನು ಹೋದ್ರೆ ಜಡೆ ಯಾರು ಹಾಕ್ತಾರೆ?" ಅಂದಳು. ಆ ಮಾತು ಅಲ್ಲಿಗೆ ನಿಂತಿತು. ಇಂಥ ನಿರ್ಧಾರಕ್ಕೆ ಪುಸ್ತಕದಲ್ಲಿ ಏನು ಹೆಸರೋ ಹುಡುಕಲಿಲ್ಲ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸ್ತೀನಿ. ಎರಡು ವರ್ಷ ಸಂಬಳ ಇಲ್ಲ ಅಂದರೆ ನಮ್ಮ ಮನೆ ನಡೆಯಲ್ಲ. ಒಂದು ನರ್ಸಿಂಗ್ ಹೋಮಿನಲ್ಲಿ ಶನಿವಾರ, ಭಾನುವಾರ ರಾತ್ರಿ ಡ್ಯೂಟಿ ಮಾತಾಡಿಕೊಂಡೆ. ಒಂದು ಚಿನ್ನದ ಸರ ಬ್ಯಾಂಕಿಗೆ ಹೋಯಿತು. ನಮ್ಮ ಯಜಮಾನರು ಹೆಚ್ಚು ಮಾತಾಡುವವರಲ್ಲ. ಅಂಗಡಿಯ ಲೆಕ್ಕದ ಪುಸ್ತಕ ತಂದು ಮುಂದಿಟ್ಟು, "ಮಳೆಗಾಲದಲ್ಲಿ ವ್ಯಾಪಾರ ಕಡಿಮೆ, ಆ ಮೂರು ತಿಂಗಳು ಬಿಗಿ ಹಿಡೀಬೇಕು" ಅಂದರು. ಅದೇ ಅವರ ಒಪ್ಪಿಗೆ.

ಸಂದರ್ಶನಕ್ಕೆ ಮೂವರು ಕೂತಿದ್ದರು. ಮೊದಲನೆಯವರು ಕೇಳಿದ್ದು ನಾನು ಊಹಿಸಿದ್ದೇ. "ನರ್ಸ್ ಕೆಲಸ ಬಿಟ್ಟು ಇಲ್ಲಿಗ್ಯಾಕೆ ಬರ್ತೀರಿ? ಆ ಕೆಲಸಕ್ಕೆ ಡಿಮ್ಯಾಂಡ್ ಇದೆ." ಕಾಫಿ ತೋಟದ ಕಥೆ ಹೇಳಿದೆ. ನಾನೇ ಕೆಂಪು ಪೆನ್ನಿನಲ್ಲಿ ಬರೆದಿದ್ದನ್ನೂ ಹೇಳಿದೆ. ಅವರು ತಲೆಯಾಡಿಸಿದರು. ಕಥೆ ಚೆನ್ನಾಗಿ ಕೂತಿತು ಅನ್ನಿಸಿ ಒಳಗೊಳಗೇ ಬೀಗಿದೆ.

ಎರಡನೆಯವರು ವಯಸ್ಸಾದ ಮೇಡಂ. ಕನ್ನಡಕ ತೆಗೆದು ಕೇಳಿದರು. "ಒಬ್ಬ ಹೆಂಗಸು ಕೈ ಮುರಿದುಕೊಂಡು ನಿಮ್ಮ ಹತ್ರ ಬರ್ತಾಳೆ. ಗಂಡ ಹೊಡೆದ ಅಂತಾಳೆ. ಯಾರಿಗೂ ಹೇಳಬೇಡಿ ಅಂತಾಳೆ. ಏನು ಮಾಡ್ತೀರಿ?"

ಇದು ನನ್ನ ಅಂಗಳದ ಪ್ರಶ್ನೆ. ಉಸಿರು ಬಿಡದೆ ಹೇಳಿದೆ. ಸ್ಪ್ಲಿಂಟ್ ಕಟ್ತೀನಿ, ಎಕ್ಸ್‌ರೇಗೆ ಕಳಿಸ್ತೀನಿ, ಎಂಎಲ್‌ಸಿ (ಪೊಲೀಸ್ ಕೇಸಿನ ದಾಖಲೆ) ಮಾಡಿಸ್ತೀನಿ, ಪೊಲೀಸರಿಗೆ ಮೆಮೊ ಹೋಗುತ್ತೆ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ರಕ್ಷಣಾಧಿಕಾರಿ ಇರ್ತಾರೆ, ನೊಂದ ಹೆಂಗಸರಿಗೆ ಸಖಿ ಕೇಂದ್ರ ಇದೆ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು.

ಮೇಡಂ ಎಲ್ಲ ಕೇಳಿಸಿಕೊಂಡರು. "ಎಲ್ಲ ಸರಿ. ಅವಳು ಇನ್ನೂ ಅಲ್ಲೇ ಕೂತಿದಾಳಾ, ಎದ್ದು ಹೋದಳಾ?"

ನನಗೆ ಮಾತು ಬರಲಿಲ್ಲ. ಯಾರಿಗೂ ಹೇಳಬೇಡಿ ಅಂದವಳ ಎದುರಿಗೆ ನಾನು ಐದು ಜನಕ್ಕೆ ಹೇಳಿ ಆಗಿತ್ತು. ಕಾನೂನಿನ ಪ್ರಕಾರ ಕೆಲವು ಮಾಡಲೇಬೇಕು, ಅದು ಮೇಡಂಗೂ ಗೊತ್ತು. ಆದರೆ ಮಾಡಲೇಬೇಕು ಅನ್ನೋದನ್ನು ಮೊದಲು ಅವಳಿಗೆ ಹೇಳಬೇಕು ಅಲ್ವಾ? ಏನಾಗುತ್ತೆ, ಯಾರು ಬರ್ತಾರೆ, ಇವತ್ತು ರಾತ್ರಿ ಎಲ್ಲಿ ಮಲಗ್ತೀಯಾ, ಮಕ್ಕಳು ಯಾರ ಹತ್ರ ಇವೆ. "ಗೊತ್ತಿಲ್ಲ ಮೇಡಂ, ಹೋಗಿರಬಹುದು" ಅಂದೆ. ಅವರು ಕನ್ನಡಕ ಹಾಕಿಕೊಂಡು ಏನೋ ಬರೆದುಕೊಂಡರು. ಮೂರನೆಯವರು ಫೀಲ್ಡ್‌ವರ್ಕ್‌ಗೆ ಬಿಸಿಲಲ್ಲಿ ಓಡಾಡೋಕೆ ಆಗುತ್ತಾ ಅಂತ ಕೇಳಿದರು, ಆಗುತ್ತೆ ಅಂದೆ. ಮುಗಿಯಿತು.

ಬಸ್ಸಿನಲ್ಲಿ ಅಳು ಬಂತು. ಸೀಟು ಸಿಗಲ್ಲ ಅಂತ ಅಕ್ಕನಿಗೆ ಫೋನ್ ಮಾಡಿದೆ. ಅವರು ಒಂದೇ ಕೇಳಿದರು, "ಹೋಗಿರಬಹುದು ಅಂದ್ಯಲ್ಲ, ಅದು ಸುಳ್ಳಾ ನಿಜಾನಾ?" ನಿಜ ಅಂದೆ. "ಹಾಗಾದ್ರೆ ಸುಮ್ನಿರು" ಅಂದರು. ಹನ್ನೊಂದು ದಿನಕ್ಕೆ ಪಟ್ಟಿಯಲ್ಲಿ ಹೆಸರು ಬಂತು, ಕೊನೆಯಿಂದ ನಾಲ್ಕನೆಯದು.

ಸೇರುವ ದಿನ ಒಂದು ಕೋರಿಕೆ ಇಟ್ಟೆ. ಮೊದಲ ಸೆಮಿಸ್ಟರ್ ಫೀಲ್ಡ್‌ವರ್ಕ್‌ಗೆ ಆಸ್ಪತ್ರೆ ಬೇಡ. ಆ ಮೇಡಂ ಅಲ್ಲೇ ಇದ್ದರು. "ನಾವೂ ಕೊಡ್ತಿರಲಿಲ್ಲ" ಅಂದರು. ಒಂದು ಸರ್ಕಾರಿ ಪ್ರೌಢಶಾಲೆ ಸಿಕ್ಕಿತು. ಫೀಲ್ಡ್‌ವರ್ಕ್ ಡೈರಿಗೆ 200 ಪುಟದ ಲಾಂಗ್ ಬುಕ್ ತಗೊಂಡೆ. ಮಗಳು ಅದಕ್ಕೆ ತನ್ನ ಪುಸ್ತಕಗಳ ಜೊತೆಗೇ ಖಾಕಿ ಬೈಂಡ್ ಹಾಕಿ, ಲೇಬಲ್ ಅಂಟಿಸಿ, ತರಗತಿ ಅನ್ನೋ ಕಡೆ ‘ಅಮ್ಮನ ಕ್ಲಾಸು’ ಅಂತ ಬರೆದಳು.

ಆಸ್ಪತ್ರೆಯಲ್ಲಿ ನನ್ನ ಕೊನೆಯ ಡ್ಯೂಟಿ ರಾತ್ರಿ ಪಾಳಿ. ಹನ್ನೊಂದನೇ ಬೆಡ್ಡಿನಲ್ಲಿ ಒಬ್ಬರು ಅಮ್ಮ, ಮಾತ್ರೆಯೂ ಬೇಡ, ಊಟವೂ ಬೇಡ ಅಂತ ಗೋಡೆ ಕಡೆ ತಿರುಗಿ ಮಲಗಿದ್ದರು. ಮಾಮೂಲಿಯಾಗಿ ಇದಕ್ಕೆ ‘ಪೇಷೆಂಟ್ ನಾಟ್ ಕೋಆಪರೇಟಿವ್’ ಅಂತ ಬರೆದು ಮುಂದಿನ ಬೆಡ್ಡಿಗೆ ಹೋಗ್ತೀವಿ. ಸ್ಟೂಲ್ ಎಳೆದುಕೊಂಡು ಕೂತೆ. ಇಪ್ಪತ್ತು ನಿಮಿಷವಾದರೂ ಮಾತಿಲ್ಲ. ಆಮೇಲೆ ಮಗ ಸಂಜೆ ಬರ್ತೀನಿ ಅಂದವನು ಬಂದಿಲ್ಲ ಅಂದರು. ಅವನು ಬಿಲ್ಲಿಗೆ ದುಡ್ಡು ಹೊಂದಿಸೋಕೆ ಹೋಗಿದ್ದಾನೆ, ಇಲ್ಲಿ ದುಡ್ಡು ಕಟ್ಟಬೇಕಾ ಸಿಸ್ಟರ್ ಅಂತ ಕೇಳಿದರು. ಬಿಪಿಎಲ್ ಕಾರ್ಡು ಇದೆಯಾ ಅಂದೆ. ಇದೆ, ಮನೆಯಲ್ಲಿದೆ ಅಂದರು.

ಬೆಳಿಗ್ಗೆ ಹ್ಯಾಂಡೋವರ್ ಪುಸ್ತಕದಲ್ಲಿ ಇಷ್ಟನ್ನೂ ಬರೆದೆ. ಅಮ್ಮ ಹೇಳಿದ್ದು, ನಾನು ಹೇಳಿದ್ದು, ಮಗನ ನಂಬರ್, ಕಾರ್ಡು ತರೋಕೆ ತಿಳಿಸಬೇಕು ಅನ್ನೋದು. ಒಂಬತ್ತು ಸಾಲಾಯಿತು. ‘ಲಾಯಿತು’ ಒಂದೂ ಇರಲಿಲ್ಲ.

ಇನ್‌ಚಾರ್ಜ್ ಸಿಸ್ಟರ್ ಓದುತ್ತಾ ಓದುತ್ತಾ ತಲೆಯೆತ್ತಿದರು. "ಏನೇ ಇದು, ಧಾರಾವಾಹಿ ಬರೆದಿದೀಯಾ? ರೌಂಡ್ಸ್‌ಗೆ ಡಾಕ್ಟರ್ ಬಂದ್ರೆ ಯಾರು ಓದ್ತಾರೆ ಇದನ್ನ?"

ನಂಬರಿನ ಮೇಲೆ ಪೆನ್ನು ಇಟ್ಟು ಆಯಾಗೆ "ಈ ನಂಬರಿಗೆ ಒಂದು ಫೋನ್ ಹಚ್ಚು" ಅಂದರು. ಆಮೇಲೆ ನನ್ನ ಒಂಬತ್ತು ಸಾಲಿನ ಕೆಳಗೆ ತಮ್ಮ ಗುಂಡು ಅಕ್ಷರದಲ್ಲಿ ‘ಪೇಷೆಂಟ್ ಸ್ಟೇಬಲ್’ ಅಂತ ಸೇರಿಸಿದರು. ಅದೂ ನಿಜವೇ ಆಗಿತ್ತು.